ಗಿಳಿ ಕಚ್ಚಿದ ಹಣ್ಣು

"ಗುರುಗಳೇ, ದೇವರಿಗೆಂದು ಬಿಟ್ಟ ಹಣ್ಣನ್ನು ಎಂಜಲು ಮಾಡಿದವರಿಗೆ ಏನು ಶಿಕ್ಷೆ?"

ರೇವಣ ಕೇಳಿದ್ದು ಇಷ್ಟೇ. ಆದರೆ ಸಿಟ್ಟಿಗೆ ಅವನ ದನಿ ನಡುಗುತ್ತಿತ್ತು. ಕೈಗೆ ಅಂಜೂರದ ಹಾಲು ಮೆತ್ತಿಕೊಂಡಿತ್ತು. ತೊಳೆದುಕೊಳ್ಳುವಷ್ಟು ಹೊತ್ತು ಕೂಡ ಅವನು ತಡೆದಿರಲಿಲ್ಲ.

ಮಠದ ಹಿತ್ತಲಿನ ಉಸ್ತುವಾರಿ ರೇವಣನದು. ಅವನು ಬರುವ ಮುಂಚೆ ಅಲ್ಲಿ ಕಲ್ಲು, ಹರಕು ಚಾಪೆ, ಒಡೆದ ಗಡಿಗೆ ಬಿಟ್ಟರೆ ಏನೂ ಇರಲಿಲ್ಲ. ಈಗ ಬೇಲಿಗುಂಟ ಕವಳಿಹಣ್ಣಿನ ಗಿಡ ಇದೆ. ಬಾವಿಯ ಪಕ್ಕ ದಾಳಿಂಬೆ ಇದೆ. ಬಚ್ಚಲ ನೀರು ಹರಿಯುವ ಕಡೆ ಬಾಳೆ ಗೊನೆ ಹಾಕಿದೆ. ಇವೆಲ್ಲಕ್ಕಿಂತ ಅವನಿಗೆ ಹೆಚ್ಚು ಪ್ರೀತಿ ಅಂಜೂರದ ಗಿಡದ ಮೇಲೆ. ಈ ವರ್ಷ ಅದು ಮೊದಲ ಸಲ ಹಣ್ಣು ಬಿಟ್ಟಿತ್ತು. ಮೊದಲ ಹಣ್ಣು ದೇವರಿಗೆ ಎಂದು ರೇವಣ ಮಠದಲ್ಲಿ ಎಲ್ಲರಿಗೂ ಸಾರಿ ಹೇಳಿದ್ದ. ದೊಡ್ಡದೊಂದು ಹಣ್ಣನ್ನು ಆರಿಸಿ, ಹಕ್ಕಿ ಮುಟ್ಟದಿರಲಿ, ಇರುವೆ ಹತ್ತದಿರಲಿ ಎಂದು ತೆಳುಬಟ್ಟೆ ಸುತ್ತಿ ಕಟ್ಟಿದ್ದ. ದಿನಾ ಬೆಳಗ್ಗೆ ಬಿಚ್ಚಿ ನೋಡುವುದು, ಮತ್ತೆ ಕಟ್ಟುವುದು. ಎಳೆದರೆ ಸಾಕು ಬಿಚ್ಚಿಕೊಳ್ಳುವಂಥ ಸಡಿಲ ಗಂಟು ಅವನದು.

ಈ ಬೆಳಗ್ಗೆ ಗಂಟು ಬಿಚ್ಚಲಿಲ್ಲ. ಅದು ಜೋಡಿಗಂಟಾಗಿತ್ತು. ಉಗುರು ಹಾಕಿ ಬಿಚ್ಚಿ ನೋಡಿದರೆ ಒಳಗೆ ಅರ್ಧ ಹಣ್ಣು. ಇನ್ನರ್ಧವನ್ನು ಯಾರೋ ಕಚ್ಚಿ ತಿಂದು, ಉಳಿದದ್ದಕ್ಕೆ ಜೋಪಾನವಾಗಿ ಬಟ್ಟೆ ಕಟ್ಟಿ ಹೋಗಿದ್ದರು.

ಹಕ್ಕಿ ಗಂಟು ಹಾಕುವುದಿಲ್ಲ. ಅಳಿಲಿಗೂ ಬರುವುದಿಲ್ಲ. ಗುರುಗಳನ್ನು ಬಿಟ್ಟರೆ, ಹೊತ್ತು ಹುಟ್ಟುವ ಮುಂಚೆ ಹಿತ್ತಲಿಗೆ ಕಾಲಿಡುವವಳು ನೀರು ಹಾಕುವ ಗಾಳೆವ್ವ ಒಬ್ಬಳೇ.

ರೇವಣ ಅವಳನ್ನು ಬಾವಿಕಟ್ಟೆಯಿಂದ ಕೂಗಿ ಕರೆದ. ಅವಳು ಕೊಡ ಇಳಿಸಿ ಬಂದಳು. ಹಣ್ಣು ನೋಡಿದಳು. ಅವಳ ಮುಖವೂ ಸಣ್ಣದಾಯಿತು.

"ನಾ ಕಡದಿಲ್ಲೋ ಎಪ್ಪಾ. ದೇವರ ಹಣ್ಣು ನಾ ಯಾಕ ಕಡೀಲಿ?"

"ಮತ್ತ ಗಾಳಿ ಬಂದು ಕಡದು, ಗಂಟು ಹಾಕಿ ಹೋತೇನು?"

"ನನಗ ತಿಳೀವಲ್ಲದು."

"ನನಗ ತಿಳೀತದ. ಗಾಳಿ ಅಲ್ಲ, ಗಾಳೆವ್ವ."

ಅವನು ಆ ಅರ್ಧ ಹಣ್ಣನ್ನು ತಿಪ್ಪೆಗೆ ಎಸೆದ. ಅದರ ಜೊತೆ, ಅವಳ ಕೈಗೆ ಎಟುಕುವಷ್ಟು ಎತ್ತರದಲ್ಲಿದ್ದ ಹಣ್ಣನ್ನೆಲ್ಲ ಕಿತ್ತು ಎಸೆದ. ಯಾವುದಕ್ಕೆ ಬಾಯಿ ಹಚ್ಚಿದ್ದಾಳೋ ಯಾರಿಗೆ ಗೊತ್ತು. ಇನ್ನು ಮುಂದೆ ಈ ಹಿತ್ತಲಿಗೆ ಬರಬೇಡ ಎಂದ. ಗಾಳೆವ್ವ ವಾದ ಮಾಡಲಿಲ್ಲ. "ಅಪ್ಪಾರು ಹೋಗು ಅಂದ್ರ ಹೋಗ್ತೀನಿ. ನೀ ಅಂದ್ರ ಹೋಗೂದಿಲ್ಲ" ಎಂದು ಹೇಳಿ ಮಠದ ಬಾಗಿಲಾಚೆ ಹೋಗಿ ಕೂತಳು.

ಇದನ್ನೆಲ್ಲ ರೇವಣ ಗುರುಗಳ ಮುಂದೆ ಒಂದೇ ಉಸಿರಿಗೆ ಹೇಳಿದ. ಒಂದು ಮಾತು ಮಾತ್ರ ಹೇಳಲಿಲ್ಲ. ಆ ಅಂಜೂರದ ಕಡ್ಡಿಯನ್ನು ಎಲ್ಲಿಂದಲೋ ಮುರಿದು ತಂದು, ಒದ್ದೆ ಗೋಣಿಯಲ್ಲಿ ಸುತ್ತಿ ಬೇರು ಬರಿಸಿ, ನೆಟ್ಟವಳು ಗಾಳೆವ್ವ. ಹೇಳಲು ಮರೆತಿದ್ದೇನಲ್ಲ. ಅದು ಈಗ ಬೇಕಾದ ಮಾತು ಎಂದು ಅವನಿಗೆ ಅನ್ನಿಸಲಿಲ್ಲ.

ಗುರುಗಳು ಬೆಳಗಿನ ಹಾಲು ಕುಡಿಯುತ್ತಿದ್ದರು. ಹಲ್ಲು ಉದುರಿದ ಮೇಲೆ ಅವರ ಬೆಳಗಿನ ಊಟ ಅಷ್ಟೇ. ಎಂದಿನಂತೆ ಕೊನೆಯ ಗುಟುಕನ್ನು ಲೋಟದಲ್ಲಿ ಉಳಿಸಿ ಮುಂದೆ ಚಾಚಿದರು. ರೇವಣ ಅಷ್ಟು ಸಿಟ್ಟಿನಲ್ಲೂ ಎರಡು ಕೈಯೊಡ್ಡಿ ಲೋಟ ತೆಗೆದುಕೊಂಡ, ಕಣ್ಣಿಗೊತ್ತಿಕೊಂಡ, ಕುಡಿದ. ಗುರುಗಳು ಕುಡಿದು ಉಳಿಸಿದ ಈ ಪ್ರಸಾದ ದಿನವೂ ಅವನ ಪಾಲು. ಅದಕ್ಕೆಂದೇ ಅವನು ತನಗೆ ಬೇರೆ ಹಾಲು ಬೇಡವೆನ್ನುತ್ತಿದ್ದ.

"ಗಾಳೆವ್ವ ಈಗ ಎಲ್ಲಿದ್ದಾಳೆ?" ಗುರುಗಳು ಕೇಳಿದರು.

"ಬಾಗಿಲಾಚೆ ಕೂತಿದ್ದಾಳೆ. ನೀವು ಹೇಳಿದರೆ ಮಾತ್ರ ಹೋಗುತ್ತಾಳಂತೆ. ಒಂದು ಮಾತು ಹೇಳಿಬಿಡಿ."

"ಅಲ್ಲಿ ನೆರಳಿದೆಯೇ?"

ರೇವಣ ನೋಡಿರಲಿಲ್ಲ.

"ಕೂತುಕೋ. ಹೇಳುವ ಮುಂಚೆ ಒಂದು ಕತೆ ಇದೆ" ಎಂದರು ಗುರುಗಳು. ರೇವಣ ಕೂತ. ಲೋಟ ಅವನ ಕೈಯಲ್ಲೇ ಇತ್ತು.

ಒಂದೂರಿನಲ್ಲಿ ಒಬ್ಬ ಮನೆಯೊಡತಿ ಇದ್ದಳು. ಅವಳ ಹಿತ್ತಲಲ್ಲಿ ಒಂದು ಪೇರಲ ಗಿಡ ಇತ್ತು. ಅದನ್ನು ನೆಟ್ಟವಳು ಆ ಮನೆಯ ಹಿತ್ತಲು ಗುಡಿಸುವ ಒಬ್ಬ ಮುದುಕಿ. ಸಸಿ ತಂದವಳು ಅವಳು. ಗುಂಡಿ ತೋಡಿದವಳು ಅವಳು. ಗೊಬ್ಬರ ಹೊತ್ತವಳು ಅವಳು. ಒಡತಿ ಮೆಟ್ಟಿಲ ಮೇಲೆ ನಿಂತು, ಎಲ್ಲಿ ನೆಡಬೇಕೆಂದು ಬೆರಳು ತೋರಿಸಿದ್ದಳು. ಮನೆಗೆ ಬಂದವರಿಗೆಲ್ಲ "ಇದು ನಾನು ಹಚ್ಚಿದ ಗಿಡ" ಎನ್ನುತ್ತಿದ್ದಳು. ಸುಳ್ಳೆನ್ನುವ ಹಾಗಿಲ್ಲ. ಬೆರಳಂತೂ ಅವಳದೇ.

ಗಿಡ ಕಾಯಿ ಕಚ್ಚಿತು. ಕಾಯಿ ಹಣ್ಣಾಯಿತು. ಹಿತ್ತಲ ತುಂಬ ವಾಸನೆ ಹಬ್ಬಿತು. ಒಂದು ದಿನ ಮುದುಕಿ ಕಸಬರಿಗೆ ಕೆಳಗಿಟ್ಟು ಕೇಳಿದಳು.

"ಅವ್ವಾರ, ಒಂದು ಹಣ್ಣು ಕೊಡ್ರಿ. ಹೆಂಗ ಬಂದಾವ ರುಚಿ ನೋಡ್ತೀನಿ."

ಒಡತಿ ಕೆಟ್ಟವಳಲ್ಲ. ಕೊಡುವುದಿಲ್ಲ ಎನ್ನಲಿಲ್ಲ. ಒಂದು ನಿಯಮ ಹೇಳಿದಳು.

"ಗಿಡದ ಮ್ಯಾಲಿಂದು ಮನೀಗೆ. ಉದುರಿದ್ದು, ಹುಳ ಬಿದ್ದದ್ದು, ಕಚ್ಚಿದ್ದು, ಅಷ್ಟೂ ನಿನಗ. ನಾ ಒಂದು ಮಾತೂ ಕೇಳೂದಿಲ್ಲ. ಆದ್ರ ಗಿಡಕ್ಕ ಕೈ ಹಚ್ಚಬ್ಯಾಡ."

ಹೇಳಿ ಮುಗಿಸಿದಾಗ ಒಡತಿಗೆ ತಾನು ಎಷ್ಟು ಧಾರಾಳಿ ಎನ್ನಿಸಿತು. ಆ ಸಂಜೆ ಗಂಡನಿಗೂ ಹೇಳಿದಳು. ಕೆಲಸದವರಿಗೆ ಇಷ್ಟು ಬಿಟ್ಟುಕೊಡುವವರು ಈ ಓಣಿಯಲ್ಲಿ ಯಾರಿದ್ದಾರೆ ತೋರಿಸಿ ಎಂದಳು. ಗಂಡ ತೋರಿಸಲಿಲ್ಲ.

ಮುದುಕಿ ಉದುರಿದ ಹಣ್ಣು ಆಯ್ದಳು. ಉದುರಿದ ಪೇರಲ ಹೇಗಿರುತ್ತದೆ ನಿನಗೆ ಗೊತ್ತು. ಬಿದ್ದ ಕಡೆ ಒಡೆದಿರುತ್ತದೆ. ಒಡೆದ ಕಡೆ ಇರುವೆ. ಇರುವೆ ಬಿಟ್ಟದ್ದು ಹುಳಕ್ಕೆ. ಅವಳು ಕೆಟ್ಟದ್ದನ್ನು ಕೆತ್ತಿ ತೆಗೆದು ನೋಡಿದಳು. ಕೈಯಲ್ಲಿ ಉಳಿದದ್ದು ತೊಟ್ಟು. ಅಳಿಲು ತಿಂದು ಬಿಟ್ಟದ್ದು ಸಿಗುತ್ತಿತ್ತು. ಅಳಿಲು ಬೀಜವನ್ನೂ ಬಿಡುತ್ತಿರಲಿಲ್ಲ. ತಾನೇ ನೆಟ್ಟ ಗಿಡದ ಹಣ್ಣು ಸಿಹಿಯೋ ಸಪ್ಪೆಯೋ ಅವಳಿಗೆ ಗೊತ್ತಾಗಲೇ ಇಲ್ಲ.

ಅವಳಿಗೆ ಬೇಕಾದದ್ದು ಅಷ್ಟೇ. ಒಂದು ಬುಟ್ಟಿ ಹಣ್ಣಲ್ಲ. ಮನೆಗೆ ಒಯ್ಯುವುದೂ ಅಲ್ಲ. ಸಿಹಿಯೋ ಸಪ್ಪೆಯೋ ಗೊತ್ತಾಗಬೇಕು.

ಮುದುಕಿಗೆ ಕಳವು ಮಾಡುವ ಮನಸ್ಸಿರಲಿಲ್ಲ. ಕದಿಯುವವಳಾಗಿದ್ದರೆ ಆ ಮನೆಯಲ್ಲಿ ಅವಳ ಕೈಗೆ ಎಟುಕುವ ವಸ್ತುಗಳು ಬೇಕಾದಷ್ಟಿದ್ದವು. ಅವಳು ಒಡತಿಯ ಮಾತನ್ನೇ ತಿರುಗಿಸಿ ಮುರುಗಿಸಿ ಯೋಚನೆ ಮಾಡಿದಳು. ಕೈ ಹಚ್ಚಬ್ಯಾಡ ಅಂದಾರ. ಬಾಯಿ ಹಚ್ಚಬ್ಯಾಡ ಅಂದಿಲ್ಲ. ಕಚ್ಚಿದ್ದು ನನಗ ಅಂದಾರ. ಯಾರು ಕಚ್ಚಿರಬೇಕಂತ ಹೇಳಿಲ್ಲ.

ಇದನ್ನು ಕೇಳಿ ರೇವಣನ ತುಟಿ ಸ್ವಲ್ಪ ಸಡಿಲವಾಯಿತು. ತಕ್ಷಣ ಬಿಗಿದುಕೊಂಡ.

ಮರುದಿನ ಬೆಳಗ್ಗೆ ಮನೆಯವರು ಏಳುವ ಮುಂಚೆ ಮುದುಕಿ ಗಿಡದ ಹತ್ತಿರ ಹೋದಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕೆಳಗಿನ ಕೊಂಬೆಯಲ್ಲಿ ತೂಗುತ್ತಿದ್ದ ಒಂದು ಹಣ್ಣಿಗೆ ಕುತ್ತಿಗೆ ಚಾಚಿ ಬಾಯಿ ಹಾಕಿದಳು. ಅವಳ ಬಾಯಲ್ಲಿ ಉಳಿದಿದ್ದದ್ದು ಎರಡೇ ಹಲ್ಲು, ಮೇಲೊಂದು ಕೆಳಗೊಂದು. ಹಣ್ಣು ಅವಳಿಂದ ಜಾರಿತು, ತೂಗಿತು, ತಿರುಗಿ ಬಂತು. ಕೊನೆಗೂ ಒಂದು ಕಚ್ಚು ಸಿಕ್ಕಿತು.

ಸಿಹಿ ಇತ್ತು.

ಅವಳು ಮತ್ತೆ ಕಚ್ಚಲಿಲ್ಲ. ಇನ್ನು ಅದು ಕಚ್ಚಿದ ಹಣ್ಣು. ಒಡತಿ ನೋಡುತ್ತಾಳೆ, ಕಿತ್ತು ಕೆಳಗೆ ಹಾಕುತ್ತಾಳೆ, ನಿಯಮದಂತೆ ತನ್ನದಾಗುತ್ತದೆ. ನೆರಳಲ್ಲಿ ಕೂತು ಪೂರ್ತಿ ತಿನ್ನಬಹುದು. ಹಾಗೆಂದುಕೊಂಡು ಅವಳು ಕಸಬರಿಗೆ ಹಿಡಿದಳು.

ಆ ದಿನ ಒಡತಿಯ ಮನೆಗೆ ಬೀಗಿತ್ತಿ ಬಂದಿದ್ದಳು. ಬೀಗಿತ್ತಿ ದೊಡ್ಡ ಮನೆಯವಳು. ಅವಳ ಮುಂದೆ ಒಡತಿಗೆ ಯಾವಾಗಲೂ ಒಂದು ಕೈ ಕೆಳಗಾದ ಹಾಗೆ ಅನ್ನಿಸುತ್ತಿತ್ತು. ಅದಕ್ಕೇ ಹಿತ್ತಲು ತೋರಿಸಲು ಕರೆತಂದಳು. ಗಿಡ ತೋರಿಸಿದಳು. ನಾನು ಹಚ್ಚಿದ್ದು ಎಂದಳು. ಅಷ್ಟರಲ್ಲಿ ಕಚ್ಚಿದ ಹಣ್ಣು ಕಣ್ಣಿಗೆ ಬಿತ್ತು. ಒಡತಿಗೆ ನಾಚಿಕೆಯಾಯಿತು. ಕಿತ್ತು ಮುದುಕಿಯ ಕಡೆ ಎಸೆಯಲು ಕೈ ಎತ್ತಿದಳು. ಮುದುಕಿ ಸೆರಗು ಒಡ್ಡಿದಳು.

"ಅಯ್ಯ, ಏನ್ ಮಾಡಾಕತ್ತೀರಿ?" ಎಂದಳು ಬೀಗಿತ್ತಿ. "ಗಿಳಿ ಕಚ್ಚಿದ್ದನ್ನ ಯಾರರೆ ಎಸೀತಾರೇನ್ರಿ? ನಮ್ಮ ಮನ್ಯಾಗ ಹುಡುಕಿ ಹುಡುಕಿ ತಿಂತೀವಿ. ಸಿಹಿ ಯಾವುದು ಅಂತ ಗಿಳಿಗೆ ಗೊತ್ತಿರತದ. ಮ್ಯಾಲೆ, ಗಿಳಿ ಬಾಯಿಗೆ ಎಂಜಲಿಲ್ಲ."

ಎತ್ತಿದ ಕೈಯನ್ನು ಒಡತಿ ಅಲ್ಲೇ ತಿರುಗಿಸಿದಳು.

"ಎಸೀತೀನಂತ ಯಾರು ಅಂದ್ರು? ನಿಮಗ ಕೊಡಾಕಂತನ ಕಿತ್ತೀನಿ, ಬೀಗಿತ್ತೇರ."

ಬೀಗಿತ್ತಿ ತಿಂದಳು. ಅರ್ಧ ಒಡತಿಗೆ ಕೊಟ್ಟಳು. ಒಡತಿಯೂ ತಿಂದಳು. ಇಂಥ ಸಿಹಿ ನಾನು ಬೇರೆ ಎಲ್ಲೂ ಕಂಡಿಲ್ಲ ಎಂದು ಬೀಗಿತ್ತಿ ಬಾಯಿಬಿಟ್ಟು ಹೇಳಿದಳು. ಆ ಒಂದು ಮಾತಿನಿಂದ ಒಡತಿ ಬೀಗಿತ್ತಿಗಿಂತ ಒಂದು ಗೇಣು ಮೇಲೆದ್ದಳು. ಮುದುಕಿ ಒಡ್ಡಿದ ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಅಲ್ಲಿಂದ ಮುಂದೆ ಮನೆಯ ನಿಯಮ ಬದಲಾಯಿತು. ಉದುರಿದ್ದು, ಹುಳ ಬಿದ್ದದ್ದು ಮುದುಕಿಗೆ. ಕಚ್ಚಿದ್ದು ಮನೆಗೆ. ಬದಲಾಯಿತು ಎಂದು ಮುದುಕಿಗೆ ಯಾರೂ ಹೇಳಲಿಲ್ಲ. ಅವಳು ಮರುದಿನವೂ ಒಂದು ಹಣ್ಣು ಕಚ್ಚಿ ಬಿಟ್ಟಳು, ಈ ಸಲವಾದರೂ ತನಗೆ ಬರುತ್ತದೆಂದು. ಅದೂ ಒಳಗೆ ಹೋಯಿತು. ಮೂರನೆಯದೂ ಹೋಯಿತು. ಆಗ ಅವಳಿಗೆ ಅರ್ಥವಾಯಿತು. ಸರಿ, ಒಂದು ಕಚ್ಚು ನನ್ನ ಪಾಲು, ಉಳಿದದ್ದು ಅವರ ಪಾಲು ಎಂದುಕೊಂಡಳು. ದಿನಕ್ಕೊಂದು ಹಣ್ಣು, ಹಣ್ಣಿಗೊಂದು ಕಚ್ಚು. ಕೈ ಮಾತ್ರ ಬೆನ್ನ ಹಿಂದೆಯೇ.

ಒಡತಿಗೆ ಆ ಗಿಳಿಯ ಮೇಲೆ ಎಲ್ಲಿಲ್ಲದ ಅಭಿಮಾನ ಬಂತು. ಬೇರೆಯವರ ಮನೆಯ ಗಿಳಿಗಳು ಹಣ್ಣನ್ನು ಅರ್ಧ ಕೊರೆದು ಹಾಳು ಮಾಡುತ್ತವೆ, ನಮ್ಮ ಮನೆಗೆ ಬರುವುದು ಒಂದೇ ಕಚ್ಚಿಗೆ ನಿಲ್ಲಿಸುತ್ತದೆ, ಸಂಸ್ಕಾರ ಇರುವ ಗಿಳಿ ಎಂದು ಓಣಿಯಲ್ಲಿ ಹೇಳಿಕೊಂಡಳು. ದೇವರ ಮುಂದೆ ಇಡುವ ತಟ್ಟೆಯಲ್ಲಿ ಆ ಹಣ್ಣು ಇಟ್ಟಳು. ಮೊಮ್ಮಕ್ಕಳಿಗೆ ಹೋಳು ಮಾಡಿ ಹಂಚಿದಳು. ಜ್ವರದಲ್ಲಿದ್ದ ಗಂಡನಿಗೆ ಬಾಯಿ ರುಚಿಗೆಂದು ತಿನ್ನಿಸಿದಳು. ಗಿಳಿಗೆ ಬಾಯಾರಬಾರದೆಂದು ಕೊಂಬೆಗೆ ಹಿತ್ತಾಳೆ ಬಟ್ಟಲು ಕಟ್ಟಿ ನೀರು ತುಂಬಿಸಿದಳು.

ಮುದುಕಿ ನೀರು ಕೇಳಿದರೆ ಒಡತಿ ಮೆಟ್ಟಿಲ ಮೇಲೆ ನಿಂತು ತಂಬಿಗೆಯಿಂದ ಸುರಿಯುತ್ತಿದ್ದಳು. ಮುದುಕಿ ಕೆಳಗೆ ಬಗ್ಗಿ ಬೊಗಸೆಯೊಡ್ಡಿ ಕುಡಿಯುತ್ತಿದ್ದಳು. ತಂಬಿಗೆ ಬೊಗಸೆಗೆ ತಾಗದಂತೆ ಸುರಿಯುವುದು ಒಡತಿಗೆ ಚೆನ್ನಾಗಿ ಬರುತ್ತಿತ್ತು.

"ಹಕ್ಕಿಗೆ ಹಿತ್ತಾಳೆ ಬಟ್ಟಲು, ಮನುಷ್ಯಳಿಗೆ ಬೊಗಸೆಯೇ?" ರೇವಣ ತಡೆಯಲಾರದೆ ನಡುವೆ ಬಾಯಿ ಹಾಕಿದ. "ನೆಟ್ಟವಳಿಗೆ ಮೊದಲ ದಿನವೇ ಒಂದು ಹಣ್ಣು ಕೊಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತಲ್ಲ!"

"ನೆಟ್ಟವಳು ಎನ್ನುವುದು ಅಷ್ಟು ದೊಡ್ಡ ಮಾತೇ?" ಎಂದರು ಗುರುಗಳು.

"ಅಲ್ಲವೇ ಮತ್ತೆ?" ಎಂದ ರೇವಣ. ಹೇಳಿದ ಮೇಲೆ ಅವನಿಗೆ ಏನೋ ಒಂಥರಾ ಆಯಿತು. ಲೋಟವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

ಗುರುಗಳು ಕತೆ ಮುಂದುವರಿಸಿದರು.

ಬೀಗಿತ್ತಿ ಮತ್ತೊಮ್ಮೆ ಬಂದಳು. ಈ ಸಲ ಉಳಿದುಕೊಳ್ಳಲೆಂದೇ ಬಂದಳು. "ಓಣಿ ತುಂಬ ಸುದ್ದಿ ಆಗೇದ. ನಿಮ್ಮ ಆ ಗಿಳಿ ನನಗೂ ತೋರಸ್ರಿ" ಎಂದಳು. ಒಡತಿಗೆ ಅದಕ್ಕಿಂತ ಬೇಕಾದದ್ದು ಏನಿತ್ತು? ನಸುಕಿನಲ್ಲಿ ಇಬ್ಬರೂ ಎದ್ದು, ಉಸಿರು ಬಿಗಿಹಿಡಿದು, ಹಿತ್ತಲ ಕಿಟಕಿಯ ಹಿಂದೆ ನಿಂತರು.

ಗಿಡದ ಕೆಳಗೆ ಮುದುಕಿ ನಿಂತಿದ್ದಳು. ಕೈ ಬೆನ್ನ ಹಿಂದೆ. ಕುತ್ತಿಗೆ ಮುಂದೆ. ಹಣ್ಣು ಬಾಯಲ್ಲಿ.

ಒಡತಿ ಬಾಗಿಲು ತೆಗೆದ ಸದ್ದಿಗೆ ಓಣಿಯ ನಾಯಿಗಳು ಎದ್ದವು.

"ಕಳ್ಳಿ! ನನ್ನ ಉಪ್ಪು ತಿಂದು ನನಗ ಕದೀತಿಯೇನ?"

ಮುದುಕಿ ಬಾಯಲ್ಲಿದ್ದದ್ದನ್ನು ಮೊದಲು ನುಂಗಿದಳು. ಆಮೇಲೆ ಕೈ ಬಿಚ್ಚಿ ಎರಡೂ ಅಂಗೈ ತೋರಿಸಿದಳು.

"ಕಳವಲ್ಲರೀ ಅವ್ವಾರ. ಕೈ ಹಚ್ಚಿಲ್ಲ ನೋಡ್ರಿ. ಕಚ್ಚಿದ್ದು ನನಗ ಅಂತ ನೀವ ಅಂದಿದ್ರಿ. ಕಚ್ಚೀನಿ. ನೀವ ನನಗ ಕೊಡ್ಲಿಲ್ಲ."

"ಅಂದ್ರ ಇಷ್ಟು ದಿನ, ಇಷ್ಟು ದಿನ ನಾವು ತಿಂದದ್ದು ನಿನ್ನ ಎಂಜಲೇನ?"

"ಹೌದ್ರಿ. ಸಿಹಿ ಅದ ಸಿಹಿ ಅದ ಅಂತ ಎಲ್ಲಾರೂ ಅಂದ್ರಿ. ನನಗೂ ಹಂಗ ಅನಿಸ್ತು."

ಬೀಗಿತ್ತಿ ಸೆರಗು ಬಾಯಿಗೆ ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಒಡತಿ ಹಿಂದೆಯೇ ಓಡಿದಳು. ಇಡೀ ಮನೆ ಬಾಯಿ ಮುಕ್ಕಳಿಸಿತು. ಮೊಮ್ಮಕ್ಕಳ ನಾಲಗೆ ತಿಕ್ಕಿದರು. ಗಂಡನಿಗೆ ಜ್ವರ ಬಿಟ್ಟು ಎಷ್ಟೋ ದಿನವಾಗಿತ್ತು, ಅದು ಬಂದದ್ದೇ ಇದರಿಂದ ಎಂದರು. ದೇವರನ್ನು ಮಂಟಪದಿಂದ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದರು. ದೇವರು ಎಂದಿಗಿಂತ ಹೆಚ್ಚು ಹೊಳೆದ. ಬೀಗಿತ್ತಿ ಆ ಮಧ್ಯಾಹ್ನವೇ ಹೊರಟಳು. ಹೊರಡುವಾಗ ಹೊಸಿಲಲ್ಲಿ ನಿಂತು, "ನಿಮ್ಮ ಗಿಳಿಗೆ ಭಾಳ ಸಂಸ್ಕಾರ ಅದ ಬಿಡ್ರಿ" ಎಂದು ಹೋದಳು.

ಆ ಮಾತಿನ ಉರಿಯೆಲ್ಲ ಮುದುಕಿಯ ಮೇಲೆ ಬಂತು. ಇನ್ನು ಈ ಓಣಿಯಲ್ಲಿ ಯಾರೂ ಅವಳಿಗೆ ಕಸಬರಿಗೆ ಕೊಡದ ಹಾಗೆ ಒಡತಿ ಮನೆಮನೆಗೆ ಹೋಗಿ ಹೇಳಿ ಬಂದಳು. ಮುದುಕಿಗೆ ಆ ಓಣಿ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಹೋಗುವಾಗ ಗಿಡದ ಬುಡದಲ್ಲಿ ಒಂದು ಗಳಿಗೆ ನಿಂತಳು. ಹಿತ್ತಾಳೆ ಬಟ್ಟಲಿನಲ್ಲಿ ನೀರಿತ್ತು. ಅವಳಿಗೆ ಬಾಯಾರಿತ್ತು. ಕುಡಿಯದೆ ಹೋದಳು.

ಮುದುಕಿ ಹೋದ ಮೇಲೆ ಹಿತ್ತಲಲ್ಲಿ ಓಡಾಡುವವರು ಯಾರೂ ಇಲ್ಲವಾದರು. ಆಗ ನಿಜವಾದ ಗಿಳಿಗಳು ಬಂದವು. ಹಿಂಡುಹಿಂಡಾಗಿ ಬಂದು ಹಣ್ಣು ಕಚ್ಚಿದವು. ಒಡತಿ ಬೆಳಗ್ಗೆ ಗಿಡದ ಕೆಳಗೆ ಹೋಗಿ ಒಂದೊಂದೇ ಹಣ್ಣು ತಿರುಗಿಸಿ ನೋಡುತ್ತಿದ್ದಳು. ಇದು ಕೊಕ್ಕೋ ಹಲ್ಲೋ? ಅವಳು ಕದ್ದು ಬಂದು ಹೋದಳೋ ಹೇಗೆ? ಎಷ್ಟು ನೋಡಿದರೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗದ್ದನ್ನೆಲ್ಲ ತಿಪ್ಪೆಗೆ ಎಸೆದಳು. ಗಿಡದ ತುಂಬ ಹಣ್ಣು, ಮನೆಯಲ್ಲಿ ತಿನ್ನುವವರಿಲ್ಲ.

ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಕಚ್ಚಿದ ಒಂದು ಹಣ್ಣನ್ನು ಕಿತ್ತಳು. ಒಂದೇ ಕಚ್ಚು ಇತ್ತು. ಸುತ್ತ ನೋಡಿದಳು. ಬಾಯಿಯ ತನಕ ಒಯ್ದಳು. ಬಾಯಲ್ಲಿ ನೀರೂ ಬಂತು. ಆ ನೀರನ್ನು ನೆಲಕ್ಕೆ ಉಗುಳಿ, ಹಣ್ಣನ್ನು ಎಸೆದು, ಆಳನ್ನು ಕರೆಸಿ ಗಿಡವನ್ನು ಬುಡಸಮೇತ ಕಡಿಸಿದಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ರೇವಣನ ಮುಖ ಕೆಂಪಾಗಿತ್ತು. ಬೆಳಗಿನ ಸಿಟ್ಟು ಈಗ ಬೇರೆ ದಿಕ್ಕಿಗೆ ಹರಿದಿತ್ತು.

"ಹಣ್ಣು ಬಿಟ್ಟ ಗಿಡವನ್ನು ಕಡಿಸಿದಳೇ? ಅವಳಿಗೆ ನಾಚಿಕೆ ಎನ್ನುವುದು ಇರಲಿಲ್ಲವೇ ಗುರುಗಳೇ? ನಾಲಗೆ ಸಿಹಿ ಎಂದಿತ್ತು. ಮನೆಮಂದಿಯೆಲ್ಲ ಚಪ್ಪರಿಸಿ ತಿಂದರು. ಕಿಟಕಿಯಿಂದ ಒಮ್ಮೆ ನೋಡಿದ್ದೇ ತಡ, ತಿಂದು ಅರಗಿದ್ದು ಕೂಡ ಹೇಸಿಗೆಯಾಯಿತು. ಹಣ್ಣು ಅದೇ, ಕಚ್ಚು ಅದೇ. ಕಚ್ಚಿದ್ದು ಗಿಳಿಯಾದರೆ ಭಾಗ್ಯ, ಮುದುಕಿಯಾದರೆ ಎಂಜಲು. ಇದು ಎಲ್ಲಿಯ ನ್ಯಾಯ?"

"ಎಂಜಲು ಎನ್ನುವುದು ಯಾರ ಬಾಯಿ ಎಂಬುದರ ಮೇಲೆ ನಿಲ್ಲಬಾರದು ಅನ್ನುತ್ತೀಯಾ?"

"ನಿಲ್ಲಬಾರದು."

"ಹಾಗಾದರೆ ಹೊರಗೆ ಕೂತವಳನ್ನು ಒಳಗೆ ಕರೆಯೋಣವೇ?"

ಗುರುಗಳು ತನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದ್ದಾರೆ ಎಂಬುದು ರೇವಣನಿಗೆ ಆಗ ಹೊಳೆಯಿತು. ಆದರೂ ಅವನು ಸೋಲುವವನಲ್ಲ. ಮಠದ ಪಾಠದಲ್ಲಿ ವಾದಕ್ಕೆ ಅವನೇ ಮುಂದು.

"ಅದು ಬೇರೆ, ಇದು ಬೇರೆ. ಆ ಹೆಂಗಸಿನದು ಜಿಪುಣತನ. ಅವಳ ಹಣ್ಣು ಮನೆಯವರಿಗೆಂದು ಇದ್ದದ್ದು. ನನ್ನದು ದೇವರಿಗೆಂದು ಬಿಟ್ಟದ್ದು. ನಾನೂ ಅದನ್ನು ಬಾಯಿಗಿಡುವವನಲ್ಲ. ದೇವರಿಗಿಂತ ಮುಂಚೆ ಬಾಯಿ ಹಾಕಿದ್ದು ಗಾಳೆವ್ವ ಎಂದು ನನಗೆ ಸಿಟ್ಟಲ್ಲ. ಯಾರೇ ಬಾಯಿ ಹಾಕಿದ್ದರೂ ಅದು ಎಂಜಲು. ಅದರ ಜಾಗ ತಿಪ್ಪೆ. ಹಾಕಿದವರ ಜಾಗ ಬಾಗಿಲಾಚೆ."

"ಯಾರೇ ಆದರೂ?"

"ಯಾರೇ ಆದರೂ."

"ನೀನು ನೋಡಿದೆಯಾ, ಅವಳು ಕಚ್ಚಿದ್ದನ್ನು?"

"ನೋಡಬೇಕೇ? ಆ ಹೊತ್ತಿನಲ್ಲಿ ಹಿತ್ತಲಲ್ಲಿ ಅವಳನ್ನು ಬಿಟ್ಟರೆ ಇನ್ನು ಯಾರಿರುತ್ತಾರೆ?"

ಗುರುಗಳು ಕೈ ಚಾಚಿ ರೇವಣನ ಕೈಯಿಂದ ಖಾಲಿ ಲೋಟವನ್ನು ತೆಗೆದುಕೊಂಡರು. ಅದರ ಅಂಚಿನಲ್ಲಿ ಇಬ್ಬರ ತುಟಿಯ ಗುರುತೂ ಇತ್ತು. ಅದನ್ನು ಒಮ್ಮೆ ತಿರುಗಿಸಿ ನೋಡಿ ಇಬ್ಬರ ನಡುವೆ ಇಟ್ಟರು.

"ಆ ಹಣ್ಣು ಕಚ್ಚಿ ಗಂಟು ಹಾಕಿದವನು ನಾನೇ ಅಂದರೆ, ರೇವಣ, ಈಗ ಹೋಗಿ ಅದನ್ನು ತಿಪ್ಪೆಯಿಂದ ಹೆಕ್ಕಿ ತಂದು ಕಣ್ಣಿಗೊತ್ತಿಕೊಳ್ಳುತ್ತೀಯೋ, ಇಲ್ಲಾ ನನ್ನನ್ನೂ ಗಾಳೆವ್ವನ ಪಕ್ಕ ಬಿಸಿಲಲ್ಲಿ ಕೂರಿಸುತ್ತೀಯೋ?"

ರೇವಣನ ಬಾಯಲ್ಲಿ ಹಾಲಿನ ರುಚಿ ಇನ್ನೂ ಇತ್ತು.